ಹಸಿಂತಾಳ ಇಬ್ಬರು ಅಜ್ಜಿಯರು

ಸರ್ವಾಧಿಕಾರಿಯ ಕಾಲದಲ್ಲಿ ನಮ್ಮ ಅಸುನ್ಸಿಯೋನ್ ಪಟ್ಟಣದ ಗಂಡಸರಿಗೆಲ್ಲ ಟೋಪಿ ಬೇಕಿತ್ತು. ಬಿಸಿಲಿಗಲ್ಲ, ಸಿಪಾಯಿಗಳು ಎದುರಾದರೆ ತೆಗೆದು ವಂದಿಸುವುದಕ್ಕೆ. ಇಡೀ ಟೋಪಿ ಕೊಳ್ಳಲಾಗದವರು ಬರೀ ಅಂಚನ್ನು ಕೊಂಡು ತಲೆಗೆ ಸಿಕ್ಕಿಸಿಕೊಳ್ಳುತ್ತಿದ್ದರು. ಹಸಿಂತಾ ತಾಳೆಗರಿಯಿಂದ ಟೋಪಿಗಳನ್ನೂ ಆ ಅಂಚುಗಳನ್ನೂ ಹೆಣೆದು ತಾಯಿ ರೊಮಾನಾಳನ್ನು ಸಾಕುತ್ತಿದ್ದಳು.

ತೆಲ್ಮೊ ಸ್ಪೇನಿನಲ್ಲಿ ಹುಟ್ಟಿದ ದೋಣಿ ಬಡಗಿ. ಸರ್ವಾಧಿಕಾರಿ ನದಿಯ ಸಂಚಾರವನ್ನೇ ನಿಲ್ಲಿಸಿದ್ದರಿಂದ ಬಾಗಿಲು, ಕಿಟಕಿ ಮಾಡಿಕೊಂಡಿದ್ದ. ಅವನು ಐದನೆಯ ಟೋಪಿ ಕೊಳ್ಳಲು ಬಂದಾಗ ಹಸಿಂತಾ ಕೇಳಿದಳು.

"ನಿಮಗೆಷ್ಟು ತಲೆ?"

"ಒಂದೇ. ಅದೂ ಇತ್ತೀಚೆಗೆ ಕೆಟ್ಟಿದೆ."

ಇಬ್ಬರೂ ಮದುವೆಯಾಗಲು ನಿಶ್ಚಯಿಸಿದರು. ಅಡ್ಡ ಬಂದದ್ದು ಸ್ಪೇನಿನವರ ಬಲ ಮುರಿಯಲು ಸರ್ವಾಧಿಕಾರಿ ಮಾಡಿದ್ದ ಕಾನೂನು. ಸ್ಪೇನಿನವನು ಬಿಳಿಯ ಹೆಣ್ಣನ್ನು ಮದುವೆಯಾಗುವಂತಿರಲಿಲ್ಲ. ಕರಿಯರ ರಕ್ತ ಬೆರೆತವಳಾದರೆ ಆಗಬಹುದಿತ್ತು. ಚರ್ಚಿನ ಪುಸ್ತಕದಲ್ಲಿ ಹಸಿಂತಾಳ ಹೆಸರಿನ ಮುಂದೆ 'ಬಿಳಿಯಳು' ಎಂದಿತ್ತು. ಅದನ್ನು ತಿದ್ದಿಸಬೇಕಾದರೆ ಮನೆಯ ಹಿರಿಯರು ನ್ಯಾಯಾಧೀಶನ ಮುಂದೆ ಪ್ರಮಾಣ ಮಾಡಬೇಕು. ಹಿರಿಯಳೆಂದು ಉಳಿದಿದ್ದವಳು ರೊಮಾನಾ ಒಬ್ಬಳೇ.

"ಈ ಮನೇಲಿ ಒಂದು ನೆಟ್ಟಗಿರೋ ಕುರ್ಚಿ ಇಲ್ಲ," ಎಂದಳು ರೊಮಾನಾ. "ಇರೋದು ಆ ಒಂದು ಪದ. ಅದಿದೆ ಅಂತ ಚರ್ಚಲ್ಲಿ ಮುಂದೆ ಚಾಪೆ ಹಾಸ್ತೀನಿ. ಅದನ್ನೂ ಕೊಟ್ಬಿಡು ಅಂತೀಯಾ?"

"ಹೂಂ ಅವ್ವ. ಅದನ್ನೇ ಕೇಳ್ತಿದೀನಿ."

"ಒಬ್ಬ ಬಡಗಿಗೋಸ್ಕರ."

"ಕುರ್ಚಿ ಮಾಡ್ಕೊಡ್ತಾನೆ ಬಿಡು."

ರೊಮಾನಾ ನಗಲಿಲ್ಲ. ಹದಿನೈದು ದಿನ ಮಗಳೊಡನೆ ಮಾತಾಡಲಿಲ್ಲ. ಬೆಳಗಿನ ಕಷಾಯದ ಸೋರೆಬುರುಡೆಯನ್ನು ಅವಳ ಕೈಗೆ ಕೊಡದೆ ನೆಲದ ಮೇಲಿಡುತ್ತಿದ್ದಳು. ಹದಿನಾರನೆಯ ದಿನ ಕಪ್ಪು ಶಾಲು ಹೊದ್ದು ತಾನಾಗಿಯೇ ಹೊರಟಳು.

"ಯಾವ ಅಜ್ಜಿ ಕಡೆಯಿಂದ ಬಂದ ರಕ್ತ?" ಎಂದು ನ್ಯಾಯಾಧೀಶ ಕೇಳಿದ. "ನಿನ್ನ ತಾಯಿನೋ, ಅತ್ತೆನೋ?"

"ಇಬ್ಬರೂ ಅಂತ ಬರ್ಕೊಳ್ಳಿ ಸ್ವಾಮಿ. ಸಾಲದು ಅಂತ ಇನ್ನೊಂದ್ಸಲ ಕರೆಸ್ಬೇಡಿ."

ಮುಂದಿನ ಭಾನುವಾರ ಅವಳು ಯಾರೂ ಹೇಳದೆಯೇ ಚರ್ಚಿನಲ್ಲಿ ಬಿಳಿಯರಲ್ಲದವರು ಕೂರುವ ಹಿಂದಿನ ಸಾಲಿಗೆ ಹೋಗಿ ಚಾಪೆ ಹಾಸಿದಳು. ಮುಂದಿನ ಸಾಲಿನವರು ತಿರುಗಿ ನೋಡಿದರು. ಅವಳು ನೋಡಲಿಲ್ಲ.

ಮದುವೆಗೆ ಅನುಮತಿ ಕೋರಿದ ಅರ್ಜಿ ಸರ್ವಾಧಿಕಾರಿಯ ಬಳಿ ಹನ್ನೊಂದು ತಿಂಗಳು ಇತ್ತು. ಮರಳಿ ಬಂದಾಗ ಅದರ ಅಂಚಿನಲ್ಲಿ 'ಅಡ್ಡಿಯಿಲ್ಲ' ಎಂದಷ್ಟೇ ಬರೆದಿತ್ತು. ಮದುವೆಯಾಯಿತು. ತೆಲ್ಮೊ ಮೊದಲು ಮಾಡಿದ್ದು ಅತ್ತೆಯ ಕುರ್ಚಿ.

ಮೂರು ವರ್ಷದ ಮೇಲೆ ಸರ್ವಾಧಿಕಾರಿ ಸತ್ತ. ಅವನ ಕಾನೂನುಗಳು ಒಂದೊಂದಾಗಿ ಬಿದ್ದುಹೋದವು. ಟೋಪಿ ತೆಗೆಯುವ ಅಭ್ಯಾಸ ಮಾತ್ರ ಜನರನ್ನು ಬಹಳ ಕಾಲ ಬಿಡಲಿಲ್ಲ.

"ಅತ್ತೆ, ಈಗ ಪುಸ್ತಕ ತಿದ್ದಿಸ್ಬೋದು," ಎಂದ ತೆಲ್ಮೊ. "ಅವತ್ತು ಹೇಳಿದ್ದು ಸುಳ್ಳು ಅಂದ್ರೆ ಸಾಕು. ಮತ್ತೆ ಮುಂದೆ ಕೂತ್ಕೋಬೋದು ನೀವು."

ರೊಮಾನಾ ಕುರ್ಚಿಯಲ್ಲಿ ಕೂತು ತಾಳೆಗರಿ ಸೀಳುತ್ತಿದ್ದಳು.

"ಇಬ್ಬರು ಅಂದಿದ್ದೆ. ಅದರಲ್ಲಿ ಒಬ್ಬಳದು ಸುಳ್ಳು."

ಪಕ್ಕದಲ್ಲಿ ಅಂಚು ಹೆಣೆಯುತ್ತಿದ್ದ ಹಸಿಂತಾ ತಲೆಯೆತ್ತಿದಳು. "ಯಾವ ಅಜ್ಜಿದು ನಿಜ ಅವ್ವ?"

"ಅಂಚು ಸಡಿಲ ಆಗ್ತಿದೆ, ಬಿಗಿಯಾಗಿ ಹೆಣಿ."

ಪುಸ್ತಕವನ್ನು ಯಾರೂ ತಿದ್ದಿಸಲಿಲ್ಲ. ರೊಮಾನಾ ಕೊನೆಯವರೆಗೂ ಹಿಂದೆಯೇ ಕೂತಳು. ಅಲ್ಲಿ ಗಾಳಿ ಚೆನ್ನಾಗಿ ಬರುತ್ತದೆ ಎನ್ನುತ್ತಿದ್ದಳು.