ಬಣ್ಣ ಬಳಿದ ಒಂದೇ ಕಂಬ

ವಿಮಾ ಕಂಪನಿಯ ಕಚೇರಿಯಲ್ಲಿ ಎದುರಿಗೆ ಅವಳು ಮೇಡಂ, ಬೆನ್ನ ಹಿಂದೆ ಟಕ್‌ಟಕ್ ಮೇಡಂ. ಹೆಸರಿಟ್ಟವರ ತಪ್ಪೇನಿಲ್ಲ. ಎಲ್ಲಿಗೆ ಹೋದರೂ ಬೆರಳ ಗಿಣ್ಣಿನಿಂದ ಗೋಡೆ ತಟ್ಟದೆ ಅವಳಿಗೆ ಸಮಾಧಾನವಿಲ್ಲ. ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ಕಳೆದು ಮಲಗಿದ್ದಾಗಲೂ ಪಕ್ಕದ ಗೋಡೆಗೆ ಎರಡು ಏಟು ಹಾಕಿ, ಹತ್ತಿ ತೆಗೆದ ಕೂಡಲೇ "ಇದು ಬರೀ ಹಲಗೆ ಡಾಕ್ಟ್ರೇ, ಹುಷಾರು" ಎಂದಿದ್ದಳಂತೆ. "ನನ್ನನ್ನೂ ತಟ್ಟಿ ನೋಡಿಯೇ ಒಪ್ಪಿಕೊಂಡಿದ್ದು" ಎಂದು ಗಂಡ ಬಂದವರೆದುರು ನಗುತ್ತಿದ್ದ. "ಪೊಳ್ಳು ಅಂತ ಗೊತ್ತಾಗಿದ್ರೂ ಒಪ್ಕೊಂಡೆ, ಅದನ್ನೂ ಹೇಳಿ" ಎಂದು ಇವಳು ಅಡುಗೆಮನೆಯಿಂದಲೇ ಕೂಗುತ್ತಿದ್ದಳು.

ಅವಳ ಕೆಲಸ ಏನೆಂದು ಕೇಳಿದರೆ ಇಷ್ಟೇನಾ ಅನ್ನಿಸುತ್ತದೆ. ಅಂಗಡಿಗೋ ಗೋದಾಮಿಗೋ ಕಾರ್ಖಾನೆಗೋ ವಿಮೆ ಮಾಡುವ ಮೊದಲು, ಆ ಕಟ್ಟಡವನ್ನು ಯಾವುದರಿಂದ ಕಟ್ಟಿದ್ದಾರೆ, ಬೆಂಕಿ ಬಿದ್ದರೆ ಎಷ್ಟು ಹೊತ್ತು ನಿಂತೀತು ಎಂದು ನೋಡಿ, ನಮೂನೆಯ ಏಳು ಚೌಕಗಳಲ್ಲಿ ಒಂದಕ್ಕೆ ಗುರುತು ಹಾಕಬೇಕು. ಒಂದನೆಯದು ತೆಳು ಮರದ ಕಟ್ಟಡ, ಏಳನೆಯದು ಬೆಂಕಿಗೆ ಜಗ್ಗದ ಕಾಂಕ್ರೀಟು. ಆದರೆ ಕಟ್ಟಡಗಳಷ್ಟು ಸುಳ್ಳು ಹೇಳುವವರು ಊರಲ್ಲಿ ಬೇರೆ ಯಾರೂ ಇಲ್ಲ. ಇಟ್ಟಿಗೆಯಂತೆ ಕಾಣುವುದು ಇಟ್ಟಿಗೆ ಬಣ್ಣದ ಬಿಲ್ಲೆ. ಕಾಂಕ್ರೀಟು ಕಂಬ ಅಂದುಕೊಂಡದ್ದರ ಹೊಟ್ಟೆಯಲ್ಲಿ ಬರೀ ಕಬ್ಬಿಣ. ಅಂದದ ಚಾವಣಿಯ ಮೇಲೆ ಒಣ ರೀಪು ಮತ್ತು ಇಲಿಗಳ ಸಂಸಾರ. ಹೊರಗೆ ಥಳಕು, ಒಳಗೆ ಹುಳುಕು. ಅದಕ್ಕೇ ಅವಳ ಚೀಲದಲ್ಲಿ ಟೇಪು, ಟಾರ್ಚು, ಅಯಸ್ಕಾಂತ, ಜೊತೆಗೆ ಬಡಗಿಯಾಗಿದ್ದ ಅಪ್ಪ ಬಿಟ್ಟುಹೋದ, ಮರ ಕೊರೆಯುವ ಕೈಬೈರಿಗೆ ಯಾವಾಗಲೂ ಇರುತ್ತಿದ್ದವು.

ಒಮ್ಮೆ ಮಾತ್ರ ಅವಳು ತಟ್ಟಿರಲಿಲ್ಲ. ಕೆಲಸಕ್ಕೆ ಸೇರಿದ ಎರಡನೇ ವರ್ಷ, ಮಳೆಯೆಂದು ರಸ್ತೆಯಾಚೆ ನಿಂತೇ ಒಂದು ಕುರ್ಚಿ ಮೇಜುಗಳ ಮಳಿಗೆಗೆ ಇಟ್ಟಿಗೆ ಕಟ್ಟಡವೆಂದು ಬರೆದುಬಿಟ್ಟಿದ್ದಳು. ಇಟ್ಟಿಗೆ ಇದ್ದದ್ದು ಒಂದೇ ಪದರ, ಹಿಂದೆಲ್ಲ ತೆಳು ಮರ. ಬೆಂಕಿ ಬಿದ್ದ ದಿನ, ಅವಳಂತೆಯೇ ಹೊರಗಿನಿಂದ ನೋಡಿ ನಂಬಿ ಒಳಹೊಕ್ಕ ಅಗ್ನಿಶಾಮಕದವನೊಬ್ಬನ ಕಾಲ ಮೇಲೆ ತೊಲೆ ಬಿತ್ತು. ಆಸ್ಪತ್ರೆಗೆ ಹೋಗಿ ತಪ್ಪೊಪ್ಪಿಕೊಂಡಾಗ ಅವನು "ನನಗೂ ಹಾಗೇ ಕಂಡಿತ್ತು, ಬಿಡಿ ಅಕ್ಕ" ಎಂದ. ಬೈದಿದ್ದರೆ ಮರೆತುಬಿಡುತ್ತಿದ್ದಳು; ಆ ಮಾತು ಇಪ್ಪತ್ತನಾಲ್ಕು ವರ್ಷ ಮುಳ್ಳಿನಂತೆ ಉಳಿಯಿತು.

ಇಂಥವಳು ಒಂದು ಬೆಳಿಗ್ಗೆ ಹಳೆಯ ಪುಸ್ತಕ ಬೈಂಡಿಂಗ್ ಕಾರ್ಖಾನೆಯ ಮುಂದೆ ಬಂದು ನಿಂತಳು. ಎರಡು ಮಹಡಿ, ಹೊರಗೆ ಇಟ್ಟಿಗೆ, ಒಳಗೆ ಪೂರಾ ಮರ. ಹಿಂದಿನ ವಿಮಾ ಕಂಪನಿ ಫೋಟೋದಲ್ಲಿ ಮರ ಕಂಡದ್ದೇ ಕೈ ತೊಳೆದುಕೊಂಡಿತ್ತು. ವಿಮೆಯಿಲ್ಲದ ಕಡೆ ನಮ್ಮ ಹಾಳೆ ಇಡುವುದಿಲ್ಲವೆಂದು ಪಠ್ಯಪುಸ್ತಕ ಅಚ್ಚು ಹಾಕುವವರು ಹೇಳಿದ್ದರು. ಆ ಕೆಲಸ ಹೋದರೆ ಬಾಗಿಲು ಮುಚ್ಚಬೇಕು. ಇಪ್ಪತ್ತೆರಡು ಜನ ಮನೆಗೆ ಹೋಗಬೇಕು. ಅವಳ ಮೇಲಧಿಕಾರಿ ಫೋನಿನಲ್ಲೇ ತೀರ್ಪು ಕೊಟ್ಟಿದ್ದ: "ಮರ ಅಂದ್ರೆ ಮರ ಮೇಡಂ, ವಿಮೆ ಆಗಲ್ಲ. ಒಂದನೇ ಚೌಕಕ್ಕೆ ಗುರುತು ಹಾಕಿ ಊಟದ ಹೊತ್ತಿಗೆ ಬಂದ್ಬಿಡಿ."

ಕಾರ್ಖಾನೆಯ ಒಡತಿ ಐವತ್ತರ ಹೆಂಗಸು, ಬೆರಳ ತುಂಬ ಒಣಗಿದ ಅಂಟು. ಕೆಳಮಹಡಿಯ ಕಂಬಗಳ ನಡುವೆ, ಸಾಲಿನ ನಾಲ್ಕನೆಯ ಕಂಬಕ್ಕೆ ಒರಗಿ, ಸ್ಟೂಲಿನ ಮೇಲೆ ಒಬ್ಬ ಮುದುಕ ಕೂತು ಹಾಳೆ ಮಡಿಚುತ್ತಿದ್ದ.

"ನಮ್ಮಪ್ಪ" ಎಂದಳು ಒಡತಿ.

"ಇಷ್ಟು ಕತ್ತಲಲ್ಲಿ ಕೂತಿದ್ದಾರಲ್ಲ. ಕಿಟಕಿ ಹತ್ರ ಬೆಳಕಿದೆ."

"ನಾವೂ ಹೇಳಿ ಹೇಳಿ ಸಾಕಾಯ್ತು. ಅಲ್ಲಿಂದ ಕದಲಲ್ಲ. ಮಹಡಿಗಂತೂ ಹತ್ತೋದೇ ಇಲ್ಲ."

ಅವಳು ಕೆಲಸ ಶುರುಮಾಡಿದಳು. ಗೋಡೆಯ ದಪ್ಪ ತಿಳಿಯಲು ಕಿಟಕಿಯ ಅಂಚಿನಲ್ಲಿ ಟೇಪು ಹಿಡಿದಳು: ಹದಿನೆಂಟು ಇಂಚು ಗಟ್ಟಿ ಇಟ್ಟಿಗೆ. ಕೆಳಗಿನ ಹನ್ನೆರಡು ಕಂಬಗಳನ್ನೂ ಅಳೆದು ತಟ್ಟಿದಳು. ಮೆಟ್ಟಿಲ ಬಾಯಲ್ಲಿ ಮಹಡಿಯ ನೆಲ ನೋಡಿದಳು: ಮೂರು ಇಂಚಿನ ಹಲಗೆ, ನಡುವೆ ಬೆಂಕಿ ನುಸುಳಿ ಅವಿತುಕೊಳ್ಳಲು ಎಳ್ಳಷ್ಟೂ ಸಂದಿಲ್ಲ. ಮೇಲೆ ಬಂದು ಕಂಬಗಳನ್ನು ಕಂಡವಳು ಟೇಪು ತೆಗೆಯುವುದನ್ನೇ ಮರೆತಳು. ಅವು ಕೆಳಗಿನವುಗಳ ನೆತ್ತಿಯ ಮೇಲೇ ನಿಂತಿದ್ದವು. ಒಂದೊಂದೂ ಒಂದೇ ಮರದ್ದು, ಅಡಿ ದಪ್ಪ, ಅಡಿ ಅಗಲ. ಕೆತ್ತಿದವನ ಬಾಚಿಯ ಗುರುತು ಇನ್ನೂ ಮಾಸಿರಲಿಲ್ಲ. ಅಪ್ಪ ಇದ್ದಿದ್ದರೆ ಚಪ್ಪಲಿ ಬಿಟ್ಟು ಒಳಗೆ ಬರುತ್ತಿದ್ದ ಅನ್ನಿಸಿತು.

ನಮೂನೆಯಲ್ಲಿ ಐದನೆಯ ಚೌಕವೊಂದಿತ್ತು: ದಪ್ಪ ಮರದ ಕಟ್ಟಡ. ಅಷ್ಟು ದಪ್ಪದ ಮರ ಬೆಂಕಿಗೆ ಸುಲಭಕ್ಕೆ ಸೋಲುವುದಿಲ್ಲ, ಹೊರಮೈ ಇದ್ದಿಲಾಗಿ ಆ ಇದ್ದಿಲೇ ಒಳಗನ್ನು ಕಾಯುತ್ತದೆ, ಕಬ್ಬಿಣ ಬಾಗಿ ಮಲಗುವ ಹೊತ್ತಿಗೂ ಅದು ನಿಂತಿರುತ್ತದೆ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಇಪ್ಪತ್ತಾರು ವರ್ಷದಲ್ಲಿ ಅವಳು ಆ ಚೌಕಕ್ಕೆ ಒಮ್ಮೆಯೂ ಗುರುತು ಹಾಕಿರಲಿಲ್ಲ. ನಿಜ ಹೇಳಬೇಕೆಂದರೆ ಪೂರ್ತಿ ನಂಬಿಯೂ ಇರಲಿಲ್ಲ. ಒಂದೇ ಒಂದು ಕಂಬ ಪೊಳ್ಳಾದರೂ, ಹಲಗೆ ಬಡಿದು ಮಾಡಿದ ಡಬ್ಬವಾದರೂ ಆ ಚೌಕ ಕೈತಪ್ಪುತ್ತದೆ. ಟಕ್ ಟಕ್ ಎಂದು ಒಂದೊಂದನ್ನೇ ತಟ್ಟುತ್ತ ಹೋದಳು. ಹನ್ನೊಂದು ಕಂಬ ಗಟ್ಟಿ ದನಿಯಲ್ಲಿ ಓಗೊಟ್ಟವು.

ಹನ್ನೆರಡನೆಯದು ಎಲ್ಲಿ? ಸಾಲಿನ ನಾಲ್ಕನೆಯ ಜಾಗದಲ್ಲಿ ರಟ್ಟಿನ ಕಟ್ಟುಗಳನ್ನು ಚಾವಣಿ ಮುಟ್ಟುವಂತೆ ಪೇರಿಸಿದ್ದರು.

"ಅದೂ ಅಂಥದ್ದೇ ಮೇಡಂ" ಎಂದಳು ಒಡತಿ, ಕೇಳುವ ಮೊದಲೇ. "ಅದನ್ನೇನು ನೋಡ್ತೀರಿ. ಬನ್ನಿ, ಕಾಫಿ ಕುಡಿಯೋಣ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಇವಳು ಚೀಲ ಕೆಳಗಿಟ್ಟು ತಾನೇ ಕಟ್ಟುಗಳನ್ನು ಎತ್ತಿಡತೊಡಗಿದಳು. ಹಿಂದೆ ಕಂಬವಿತ್ತು. ಉಳಿದವೆಲ್ಲ ಬರೀ ಮರ. ಇದಕ್ಕೊಂದಕ್ಕೆ ಹಳದಿ ಬಣ್ಣ, ಇನ್ನೂ ಹಸಿ ವಾಸನೆ. ಚಾಕುವಿನಿಂದ ಕೆರೆದಳು. ಕೆಳಗೆ ಕಪ್ಪು ಇದ್ದಿಲು.

ಒಡತಿ ಅಲ್ಲೇ ಕಟ್ಟಿನ ಮೇಲೆ ಕುಸಿದು ಕೂತಳು. "ಮುಗೀತು ಬಿಡಿ" ಎಂದಳು. "ನಾನೇ ಮೊನ್ನೆ ಬಣ್ಣ ಬಳಿಸಿದ್ದು. ನಲವತ್ತನಾಲ್ಕು ವರ್ಷದ ಹಿಂದೆ ಅಪ್ಪ ಇಲ್ಲಿ ಕೆಲಸಕ್ಕಿದ್ರು. ಅಂಟು ಕಾಯಿಸೋ ಒಲೆ ಆರಿಸದೆ ಊಟಕ್ಕೆ ಹೋದ್ರು. ಎರಡು ಗಂಟೆ ಉರೀತಂತೆ. ಜನಕ್ಕೇನೂ ಆಗಲಿಲ್ಲ, ಪುಸ್ತಕ ಎಲ್ಲ ಬೂದಿ. ಆಗಿನ ಯಜಮಾನರು ಒಂದು ಮಾತೂ ಅನ್ನಲಿಲ್ಲ, ಕೊನೆಗೆ ಕಾರ್ಖಾನೆನೂ ಅಪ್ಪನಿಗೇ ಬಿಟ್ಟುಕೊಟ್ರು. ಕಂಬ ಮಾತ್ರ ಅವತ್ತಿಂದ ಹೀಗೇ ಇದೆ. ನೀವು ನೋಡಿದ್ರೆ ಮುಗೀತು ಅಂತ ಮುಚ್ಚಿಟ್ಟೆ."

ಇವಳು ಕಂಬದ ಕಡೆ ತಿರುಗಿದಳು. ಕಂಬ ತಟ್ಟಿದಳು, ಇದ್ದಿಲಿನಿಂದಾಗಿ ಸದ್ದು ಮಂಕಾಗಿತ್ತು, ಏನೂ ಗೊತ್ತಾಗಲಿಲ್ಲ. ಅಪ್ಪನ ಬೈರಿಗೆ ತೆಗೆದು ಕಪ್ಪಿನ ನಡುವೆ ಊರಿ ತಿರುಗಿಸಿದಳು. ಮೊದಲು ಕಪ್ಪು ಪುಡಿ ಉದುರಿತು. ಒಂದು ಬೆರಳ ಆಳ, ಒಂದೂವರೆ ಬೆರಳ ಆಳ. ಆಮೇಲೆ ಬೈರಿಗೆ ಬಿಗಿಯಾಯಿತು, ಕೈ ನೋಯುವಷ್ಟು ಬಿಗಿ. ಸುರುಳಿ ಸುರುಳಿಯಾಗಿ ಜೇನು ಬಣ್ಣದ ಹೊಟ್ಟು ಹೊರಗೆ ಬಂತು. ಅದರ ಹಿಂದೆಯೇ ವಾಸನೆ: ಚಿಕ್ಕಂದಿನಲ್ಲಿ ಅಪ್ಪ ಸಂಜೆ ಮನೆಗೆ ಬಂದಾಗ ಅವನ ಅಂಗಿಯಿಂದ ಬರುತ್ತಿದ್ದ, ಆಗಷ್ಟೇ ಕೊಯ್ದ ಮರದ ವಾಸನೆ.

ಇಷ್ಟು ವರ್ಷ ಕಟ್ಟಡಗಳ ಸುಳ್ಳು ಹಿಡಿಯುತ್ತ ಬಂದವಳು. ತನ್ನ ಸತ್ಯವನ್ನು ಇಷ್ಟು ಸುಮ್ಮನೆ ಹೊತ್ತು ನಿಂತ ಕಂಬವನ್ನು ಕಂಡಿರಲಿಲ್ಲ. ಎರಡು ಗಂಟೆ ಬೆಂಕಿ ತಿಂದದ್ದು ಒಂದೂವರೆ ಬೆರಳು, ಉಳಿದ ಮರಕ್ಕೆ ಸುದ್ದಿಯೇ ಮುಟ್ಟಿರಲಿಲ್ಲ! ಅಂಗೈಯನ್ನು ಆ ಕಪ್ಪಿನ ಮೇಲೆ ಊರಿ ಸ್ವಲ್ಪ ಹೊತ್ತು ಹಾಗೇ ನಿಂತಳು. ಕೈ ಮಸಿಯಾದದ್ದು ಆಮೇಲೆ ಗೊತ್ತಾಯಿತು.

ಮೇಲಧಿಕಾರಿಗೆ ಅಲ್ಲಿಂದಲೇ ಫೋನ್ ಮಾಡಿದಳು. "ಐದನೇ ಚೌಕ ಸಾರ್. ಹಳೇ ಬೆಂಕಿ ವಿಷಯನೂ ಬರೀತಾ ಇದ್ದೀನಿ, ಯಾಕಂದ್ರೆ ಅದೇ ನನ್ನ ಸಾಕ್ಷಿ."

"ಅಯ್ಯೋ, ಸುಟ್ಟ ಕಂಬಾನೇ ಮೇಡಂ ಸಾಕ್ಷಿ?"

"ನೀವೇ ಬಂದು ತಿರುಗಿಸಿ ನೋಡಿ. ಬೈರಿಗೆ ಕೊಡ್ತೀನಿ."

"ನೀವು ನೋಡಿದ ಮೇಲೆ ನಾನ್ಯಾಕೆ? ಐದೇ ಬರೀರಿ, ವಿಮೆಗೆ ನಾನು ಸಹಿ ಹಾಕ್ತೀನಿ" ಎಂದ ಅವನು.

ಒಡತಿ ಬಾಯಿಗೆ ಸೆರಗು ಒತ್ತಿ ಅಳುತ್ತಿದ್ದಳು. ಇವಳು ಹೊಟ್ಟನ್ನು ಅಂಗೈಯಲ್ಲಿ ಹಿಡಿದು ಕೆಳಗಿಳಿದು ಮುದುಕನ ಮುಂದೆ ಕೂತಳು. "ಯಜಮಾನ್ರೇ, ಮೇಲಿನ ಸುಟ್ಟ ಕಂಬದ ಒಳಗಿಂದ ತಂದೆ. ನೋಡಿ."

ಮುದುಕ ಕೈ ಚಾಚಲಿಲ್ಲ. ಬಗ್ಗಿ ಮೂಸಿ ನೋಡಿದ. "ಇದು ಹಸೀ ಮರದ ಹಾಗಿದೆ."

"ಒಳಗೆಲ್ಲ ಹೀಗೇ ಇದೆ. ನಿಮ್ಮ ಬೆಂಕಿ ಒಂದೂವರೆ ಬೆರಳಿಗಿಂತ ಒಳಗೆ ಹೋಗಿಲ್ಲ. ಅದು ನಮ್ಮ ಕಾಲಕ್ಕೆ ಬೀಳಲ್ಲ."

"ಬೀಳಲ್ವಾ?"

"ಬೀಳಲ್ಲ."

ಮುದುಕ ತಲೆಯೆತ್ತಿ ತನ್ನ ನೆತ್ತಿಯ ನೇರಕ್ಕಿದ್ದ ಹಲಗೆಗಳನ್ನು ನೋಡಿದ. "ಬೀಳುತ್ತೆ ಅಂದ್ಕೊಂಡಿದ್ದೆ" ಎಂದ. "ಆ ಸುಟ್ಟ ಕಂಬ ಸರಿಯಾಗಿ ಇದರ ಮೇಲೇ ನಿಂತಿರೋದು. ಬಿದ್ರೆ ಮೊದಲು ನನ್ನ ಮೇಲೇ ಬೀಳಲಿ ಅಂತ ಇಲ್ಲೇ ಕೂತಿದ್ದೆ."

ನಲವತ್ತನಾಲ್ಕು ವರ್ಷ. ಮೆಟ್ಟಿಲ ಮೇಲೆ ನಿಂತಿದ್ದ ಮಗಳಿಗೂ ಈ ಮಾತು ಅಂದೇ ಗೊತ್ತಾದದ್ದು.

ಮುದುಕ ಮಡಿಚಿದ ಹಾಳೆಗಳನ್ನು ಮೊಣಕಾಲ ಮೇಲೆ ಕುಟ್ಟಿ ಸಮ ಮಾಡಿದ. ಆಮೇಲೆ ಕಂಬ ಹಿಡಿದು ಮೆಲ್ಲಗೆ ಎದ್ದು ನಿಂತ.

"ಮಗಳೇ, ಈ ಸ್ಟೂಲು ತಗೊಂಡು ಹೋಗಿ ಕಿಟಕಿ ಹತ್ರ ಹಾಕು" ಎಂದ. "ಇಲ್ಲಿ ಏನೂ ಕಾಣಲ್ಲ."