ಲಾರಿಯ ಶ್ರುತಿ ಹಿಡಿದ ಮ್ಬಿರಾ

ನಮ್ಮ ಚಿಕ್ಕಪ್ಪ ಗರಿಕಾಯಿ ಲಾರಿ ಡ್ರೈವರ್. ಹರಾರೆಯಲ್ಲಿ ಸಿಮೆಂಟು ತುಂಬಿಕೊಂಡು, ಚಿರುಂಡು ಗಡಿ ದಾಟಿ ಜಾಂಬಿಯಾದ ಲುಸಾಕಾಕ್ಕೆ ಹೋಗುತ್ತಾನೆ. ಬರುವಾಗ ತಾಮ್ರ ಸಿಕ್ಕರೆ ತಾಮ್ರ, ಇಲ್ಲದಿದ್ದರೆ ಖಾಲಿ. ಪಕ್ಕದ ಸೀಟಿನಲ್ಲಿ ಅವನು ಯಾರನ್ನೂ ಕೂರಿಸುವುದಿಲ್ಲ. ಅಲ್ಲಿ ದೊಡ್ಡ ಸೋರೆಬುರುಡೆಯೊಂದು ಕಂಬಳಿ ಹೊದ್ದು, ಬೆಲ್ಟು ಕಟ್ಟಿಕೊಂಡು ಕೂತಿರುತ್ತದೆ. ಬುರುಡೆಯೊಳಗೆ ಅವನ ಮ್ಬಿರಾ. ದಾರಿಯಲ್ಲಿ ತಡೆಯುವ ಪೊಲೀಸರು ಕಿಟಕಿಯಲ್ಲಿ ಇಣುಕಿ, “ಏನಣ್ಣ, ಅತ್ತಿಗೆಗೆ ಚಳೀನಾ?” ಎಂದು ಕೇಳುತ್ತಾರಂತೆ.

“ಬಾಣಂತಿ ಕಣಪ್ಪ, ಮುಟ್ಬೇಡ” ಎನ್ನುತ್ತಾನಂತೆ ಚಿಕ್ಕಪ್ಪ.

ಆ ಮ್ಬಿರಾ ಮಾಡಿದ್ದು ನಮ್ಮ ಅಜ್ಜ. ಹಳೆಯ ಬಸ್ಸಿನ ಸ್ಪ್ರಿಂಗ್ ಪಟ್ಟಿಯನ್ನು ಕುಲುಮೆಯಲ್ಲಿ ಕಾಯಿಸಿ, ಬಡಿದು, ನಾಲಿಗೆಯಂಥ ಸಣ್ಣ ಸಣ್ಣ ಪಟ್ಟಿಗಳನ್ನಾಗಿ ಮಾಡಿ, ಮರದ ಹಲಗೆಯ ಮೇಲೆ ಸಾಲಾಗಿ ಬಿಗಿದಿದ್ದ. ಹೆಬ್ಬೆರಳಿನಿಂದ ಒತ್ತಿ ಬಿಟ್ಟರೆ ಪಟ್ಟಿ ನುಡಿಯುತ್ತದೆ. ಇಂಥವು ಎರಡು ಮಾಡಿ, ಒಂದರ ಶ್ರುತಿ ಇನ್ನೊಂದಕ್ಕೆ ಕೂಡಿಸಿ, ಇಬ್ಬರು ಗಂಡುಮಕ್ಕಳಿಗೆ ಕೊಟ್ಟ. ದೊಡ್ಡವನಾದ ನಮ್ಮಪ್ಪ ಹಾಡು ಎತ್ತಬೇಕು, ಚಿಕ್ಕಪ್ಪ ಅದಕ್ಕೆ ಉತ್ತರ ಕೊಡಬೇಕು. ಎರಡೂ ಸೇರಿದರೇ ಹಾಡು. ಚಿಕ್ಕಪ್ಪ ಚಿಕ್ಕಂದಿನಿಂದ ಕಲಿತದ್ದು ಉತ್ತರವನ್ನು ಮಾತ್ರ.

ಹಾಗಾಗಿ ರಸ್ತೆಯಲ್ಲಿ ಅವನು ನುಡಿಸುವುದು ಅರ್ಧ ಹಾಡು. ಗಡಿಯಲ್ಲಿ ಲಾರಿಗಳ ಸಾಲು ಆಮೆಯ ಹಾಗೆ ತೆವಳುತ್ತದೆ. ಡ್ರೈವರುಗಳು ಚಕ್ರದ ನೆರಳಿನಲ್ಲಿ ಮೆಕ್ಕೆಜೋಳದ ಮುದ್ದೆ ತಿರುವುತ್ತಿದ್ದರೆ, ಇವನು ಕ್ಯಾಬಿನ್ನಿನಲ್ಲಿ ಬುರುಡೆ ತೊಡೆಗೆ ಆನಿಸಿಕೊಂಡು ನುಡಿಸುತ್ತಾನೆ. ಒಮ್ಮೆ ಒಬ್ಬ ಜಾಂಬಿಯಾದ ಡ್ರೈವರ್ ಕೆಣಕಿದನಂತೆ: “ಗರಿಕಾಯಿ, ನಿನ್ ಹಾಡು ಯಾರೋ ಫೋನಲ್ಲಿ ಮಾತಾಡ್ತಿರೋ ಹಾಗಿದೆ. ಬರೀ ಈ ಕಡೇದು ಕೇಳ್ಸುತ್ತೆ. ಆ ಕಡೆಯವರು ಏನಂದ್ರಪ್ಪ?”

“ಆ ಕಡೆ ನಮ್ಮಣ್ಣ. ಊರಲ್ಲಿದಾನೆ. ನಿನ್ ಬಗ್ಗೆ ಏನೂ ಕೇಳ್ಲಿಲ್ಲ, ಮುದ್ದೆ ತಿನ್ನು.”

ಲಾರಿಯ ಕುಲುಕಾಟಕ್ಕೆ, ಗಡಿಯ ಕಣಿವೆಯ ಬಿಸಿಲಿಗೆ ಪಟ್ಟಿಗಳು ಜರುಗುತ್ತವೆ. ಟೈರು ತಟ್ಟಿ ನೋಡುವ ಸುತ್ತಿಗೆಯಿಂದಲೇ ಚಿಕ್ಕಪ್ಪ ಅವನ್ನು ಮೆಲ್ಲಗೆ ತಟ್ಟಿ ಸರಿಮಾಡುತ್ತಿದ್ದ. ಸಾಲು ಯಾವಾಗ ಮುಂದೆ ಸರಿಯುತ್ತದೋ ತಿಳಿಯದ್ದರಿಂದ ಎಂಜಿನ್ ಓಡುತ್ತಲೇ ಇರುತ್ತಿತ್ತು. ಅದರ ಗುಂಯ್‌ಗುಡುವ ದನಿಗೆ ಒಂದೊಂದೇ ಪಟ್ಟಿಯನ್ನು ಹೊಂದಿಸಿಕೊಂಡ. ಕಿವಿಗೆ ಇಂಪಾಗಿಯೇ ಇತ್ತು. ಪಕ್ಕದಲ್ಲಿ ಇನ್ನೊಂದು ಮ್ಬಿರಾ ಇಲ್ಲದ ಮೇಲೆ ತಪ್ಪು ಗೊತ್ತಾಗುವುದಾದರೂ ಹೇಗೆ? ಒಂದು ಪಟ್ಟಿ ಮುರಿದಾಗ ಲುಸಾಕಾದ ವೆಲ್ಡಿಂಗ್ ಅಂಗಡಿಯಲ್ಲಿ ಹೊಸದು ಮಾಡಿಸಿದ. ಅದು ಸ್ವಲ್ಪ ಗಿಡ್ಡವಾಯಿತು.

ಅಜ್ಜ ತೀರಿಕೊಂಡು ವರ್ಷ ದಾಟಿತ್ತು. ಅಲ್ಲಿಯವರೆಗೆ ಸತ್ತವರ ಜೀವ ಕಾಡಿನಲ್ಲಿ ಅಲೆಯುತ್ತಿರುತ್ತದೆ. ಆಮೇಲೆ ರಾಗಿ ಹೆಂಡ ಕಾಯಿಸಿ, ಮ್ಬಿರಾ ನುಡಿಸಿ, ಮನೆಗೆ ಕರೆದುಕೊಳ್ಳಬೇಕು. ಅವರಿಗೆ ಪರಿಚಯದ ಹಾಡು ಕೇಳಿಸಿದರೆ ಬರುತ್ತಾರೆ. ಅಜ್ಜನನ್ನು ಕರೆಯುವ ದಿನ ಮಧ್ಯಾಹ್ನ ಚಿಕ್ಕಪ್ಪ ಮ್ಹೊಂದೊರೊದ ನಮ್ಮ ಊರಿಗೆ ಬಸ್ಸಿನಲ್ಲಿ ಬಂದಿಳಿದ, ಬುರುಡೆಯನ್ನು ಮಗುವಿನಂತೆ ಎತ್ತಿಕೊಂಡು.

ಅಪ್ಪನೂ ಅವನೂ ಮಾವಿನ ಮರದ ಕೆಳಗೆ ಚಾಪೆ ಹಾಸಿ ಕೂತರು. ಅಪ್ಪ ಹಾಡು ಎತ್ತಿದ. ಚಿಕ್ಕಪ್ಪ ಉತ್ತರ ಕೊಟ್ಟ. ಅಂಗಳದಲ್ಲಿ ಹೆಂಡ ಸೋಸುತ್ತಿದ್ದ ಹೆಂಗಸರೆಲ್ಲ ಕೈ ನಿಲ್ಲಿಸಿ ತಿರುಗಿ ನೋಡಿದರು. ಒಂದು ಮ್ಬಿರಾ ಅಳುತ್ತಿದ್ದರೆ ಇನ್ನೊಂದು ಆಕಳಿಸಿದ ಹಾಗಿತ್ತು.

ಅಪ್ಪ ಪಟ್ಟಿಯಿಂದ ಬೆರಳೆತ್ತಿದ. “ಇದೇನಿದು?”

“ಸ್ವಲ್ಪ ಜರುಗಿದೆ ಅಣ್ಣ. ಸರಿಮಾಡ್ತೀನಿ.”

“ಸ್ವಲ್ಪವಾ? ಅಪ್ಪ ಕೊಟ್ಟಿದ್ದು ಮ್ಬಿರಾ. ನೀನು ಲಾರಿ ಹಾರನ್ ತಗೊಂಡು ಬಂದಿದೀಯ. ಇದನ್ನ ಕೇಳಿ ಅಪ್ಪ ಬರ್ತಾನಾ? ಇನ್ನೂ ಒಳಗಿನ ಕಾಡಿಗೆ ಓಡ್ತಾನೆ.” ಅಪ್ಪ ಮುಖ ತಿರುಗಿಸಿ, “ಆಚೆ ಊರಿನ ಮದ್ಜಿವಿರೆ ಮಗನಿಗೆ ಹೇಳಿಕಳಿಸ್ತೀನಿ. ಅವನು ನುಡಿಸ್ಲಿ” ಎಂದ.

ಚಿಕ್ಕಪ್ಪನ ಮುಖ ಬೂದಿಯಾಯಿತು. ಹಾಗಾದರೆ ಹೆತ್ತ ತಂದೆಯನ್ನು ಮನೆಗೆ ಕರೆಯುವಾಗ ಪರರ ಮಗ ನುಡಿಸುತ್ತಾನೆ, ಇವನು ಗುಂಪಿನಲ್ಲಿ ಚಪ್ಪಾಳೆ ತಟ್ಟುತ್ತ ನಿಲ್ಲಬೇಕು.

ನಮ್ಮಲ್ಲಿ ಇಂಥ ದಿನ ಮನೆಯ ಹೆಣ್ಣುಮಗಳ ಮಾತೇ ಮಾತು. ಇಬ್ಬರಿಗೂ ಅಕ್ಕನಾದ ರಂಬಿಸಾಯಿ ಅತ್ತೆ ಕೈಯಲ್ಲಿದ್ದ ಸೋರೆ ಸೌಟು ಒದರುತ್ತ ಬಂದಳು. “ಹೊತ್ತು ಮುಳುಗೋವರೆಗೂ ಅವನಿಗೆ ಬಿಡು. ಅಷ್ಟರಲ್ಲಿ ಕೂಡಿದ್ರೆ ಅವನೇ ನುಡಿಸ್ತಾನೆ. ಕೂಡದಿದ್ರೆ ಮದ್ಜಿವಿರೆ ಮಗ. ಹೆಂಡ ನಿಮ್ಮ ಜಗಳಕ್ಕೆ ಕಾಯೋದಿಲ್ಲ.”

ಚಿಕ್ಕಪ್ಪ ಸುತ್ತಿಗೆ ತೆಗೆದ. ಅಪ್ಪ ಮುಖ ಆ ಕಡೆ ತಿರುಗಿಸಿಕೊಂಡೇ ತನ್ನ ಮ್ಬಿರಾದ ಒಂದೊಂದು ಪಟ್ಟಿ ಮೀಟುತ್ತ ಹೋದ. ಚಿಕ್ಕಪ್ಪ ಕಿವಿಗೊಟ್ಟು, ತನ್ನದನ್ನು ಒಂದು ಎಳೆಯಷ್ಟು ಹೊರಗೋ ಒಳಗೋ ತಟ್ಟುತ್ತಿದ್ದ. ಹೊರಕ್ಕೆ ಬಂದರೆ ದನಿ ಇಳಿಯುತ್ತದೆ, ಒಳಕ್ಕೆ ಹೋದರೆ ಏರುತ್ತದೆ. ಆಮೇಲೆ ಅಪ್ಪ “ಇನ್ನೊಂಚೂರು” ಎಂದ. ಮತ್ತೆ ಸ್ವಲ್ಪ ಹೊತ್ತಿಗೆ, “ಆ ಕಡೆ ಊಟಕ್ಕೆ ಏನ್ ಮಾಡ್ತೀಯ?” ಎಂದು ಕೇಳಿದ. ನೆರಳು ಚಾಪೆ ದಾಟುವ ಹೊತ್ತಿಗೆ ಎಲ್ಲ ಪಟ್ಟಿಗಳೂ ಕೂಡಿದವು, ಲುಸಾಕಾದ ಗಿಡ್ಡ ಪಟ್ಟಿಯೊಂದನ್ನು ಬಿಟ್ಟು. ಅದನ್ನು ಎಷ್ಟು ಹೊರಗೆಳೆದರೂ ದನಿ ಮೇಲೆಯೇ ಉಳಿಯಿತು. ಭಾರಕ್ಕೆ ದನಿ ಇಳಿದೀತೆಂದು ಜೇನುಮೇಣ ಹಚ್ಚಿ ನೋಡಿದರು. ನೆಗಡಿಯಾದವನಂತೆ ಮೂಗಿನಲ್ಲಿ ಮಾತಾಡಿತು.

“ನಿಂದೇ ಒಂಚೂರು ಮೇಲೇರ್ಸು ಅಣ್ಣ. ಒಂದೇ ಒಂದು ಪಟ್ಟಿ.”

“ಆಗಲ್ಲ. ಇದು ಅಪ್ಪ ಕೂರ್ಸಿದ ಶ್ರುತಿ. ಇದನ್ನ ಯಾರೂ ಮುಟ್ಟಕೂಡದು. ನಾನೂ ಮುಟ್ಟಿಲ್ಲ.”

ಚಿಕ್ಕಪ್ಪ ಸುತ್ತಿಗೆ ಕೆಳಗಿಟ್ಟ. ಹೊತ್ತು ಬೆಟ್ಟದ ತುದಿಗೆ ಬಂದಿತ್ತು.

ಆಗ ಬಂದ ಚಿಂಗ್ವೇನಾ ತಾತ. ಇವನು ಅಜ್ಜನ ಸಹ್ವೀರ. ಸಹ್ವೀರ ಎಂದರೆ ನಂಟನಲ್ಲ, ನಂಟರಿಗಿಂತ ಹೆಚ್ಚು. ಬದುಕಿದ್ದಾಗ ಬೇಕಾದಂತೆ ಬೈಯಬಹುದು, ಸತ್ತ ಮೇಲೆ ಸತ್ತವನ ವೇಷ ಹಾಕಿ ಮನೆಯವರನ್ನೆಲ್ಲ ಗೇಲಿ ಮಾಡಬಹುದು. ಅವನ ಮೇಲೆ ಯಾರೂ ಸಿಟ್ಟಾಗುವಂತಿಲ್ಲ. ಅಜ್ಜನ ಕೋಟು ತೊಟ್ಟು, ಅಜ್ಜನ ಟೋಪಿ ಇಟ್ಟು, ಅಜ್ಜನ ಹಾಗೆಯೇ ಎಡಗಾಲು ಎಳೆಯುತ್ತ ಬಂದ. ಹೆಂಗಸರು ಆಗಲೇ ನಗುತ್ತಿದ್ದರು.

“ಏನ್ರೋ ಸಿಂಹದ ಕುಲದೋರೇ! ಕಾಡಲ್ಲಿ ನಿಂತೂ ನಿಂತೂ ಸೊಂಟ ಹಿಡ್ಕೊಂಡಿದೆ. ಕರೆಯೋಕೆ ಇಷ್ಟು ಹೊತ್ತಾ? ಸೊಸೆ, ಹೆಂಡ ತಾ. ನೀರು ಬೆರೆಸಿದ್ದು ಬೇಡ, ಬದುಕಿದ್ದಾಗ ಅದನ್ನೇ ಕೊಟ್ಟಿದ್ದು ನೀನು.” ಅಮ್ಮ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ನಕ್ಕಳು.

ಅತ್ತೆ ಅವನಿಗೆ ಪಟ್ಟಿಯ ವಿಷಯ ಹೇಳಿದಳು. ತಾತ ಚಾಪೆಯ ಮೇಲೆ ಧೊಪ್ಪೆಂದು ಕೂತು, ಅಪ್ಪನ ತೊಡೆಯ ಮೇಲಿದ್ದ ಮ್ಬಿರಾ ಎಳೆದುಕೊಂಡ.

“ಇದನ್ನ ಕೂರ್ಸಿದ್ದು ಯಾರು?”

“ಅಪ್ಪ” ಎಂದ ನಮ್ಮಪ್ಪ.

“ಅಂದ್ರೆ ನಾನೇ ಅಲ್ವೇನೋ?” ಎಂದವನೇ ಸುತ್ತಿಗೆ ಎತ್ತಿ, ಆ ಪಟ್ಟಿಗೆ ಟಣ್ಣೆಂದು ಒಂದು ಪೆಟ್ಟು ಕೊಟ್ಟ.

ಅಪ್ಪನ ಕೈ ಮೇಲೆದ್ದಿತು. ಎದುರಿಗಿದ್ದವನು ಸಹ್ವೀರ, ಮೈಮೇಲಿದ್ದುದು ಅಜ್ಜನ ಕೋಟು. ಕೈ ಹಾಗೇ ಕೆಳಗಿಳಿಯಿತು.

ಚಿಂಗ್ವೇನಾ ತಾತ ಜನ್ಮದಲ್ಲಿ ಮ್ಬಿರಾ ಮುಟ್ಟಿದವನಲ್ಲ. ಪಟ್ಟಿ ಮೀಟಿದರೆ ಸೊಳ್ಳೆಯ ದನಿ ಬಂತು. “ಸರಿಯಾಗಿದೆ ನೋಡು!” ಎಂದು ಇನ್ನೊಂದು ಪೆಟ್ಟಿಗೆ ಸುತ್ತಿಗೆ ಎತ್ತಿದ.

“ಕೊಡಿಲ್ಲಿ, ಹಾಳು ಮುದುಕ!” ಅಪ್ಪ ಸುತ್ತಿಗೆಯನ್ನೂ ಮ್ಬಿರಾವನ್ನೂ ಕಸಿದುಕೊಂಡ. “ಅಪ್ಪನ್ನ ಬದುಕಿದ್ದಾಗ ಕೆಡ್ಸಿದ್ದು ಸಾಲ್ದಾ ನಿಂಗೆ?” ಬೈಯುತ್ತಲೇ ಪಟ್ಟಿಯನ್ನು ಹೊರಕ್ಕೆ ತಟ್ಟಿದ. ಕಿವಿ ಹತ್ತಿರ ತಂದು ಕೇಳಿದ. ಅಜ್ಜ ಕೂರಿಸಿದ ಜಾಗಕ್ಕೆ ಬರಲು ಇನ್ನೂ ಒಂದು ಎಳೆ ತಟ್ಟಬೇಕಿತ್ತು. ತಟ್ಟಲಿಲ್ಲ. ಚಿಕ್ಕಪ್ಪನ ಕಡೆ ತಿರುಗಿ, “ನಿಂದು ಮೀಟು” ಎಂದ.

ಚಿಕ್ಕಪ್ಪ ಗಿಡ್ಡ ಪಟ್ಟಿ ಮೀಟಿದ. ಅಪ್ಪ ತನ್ನದನ್ನು ಮೀಟಿದ. ಎರಡು ದನಿ ಒಂದಾಗಿ ನಿಂತವು.

ಅಪ್ಪನ ಮ್ಬಿರಾದಲ್ಲಿ ಪಕ್ಕದ ಪಟ್ಟಿಗೂ ಅದಕ್ಕೂ ನಡುವೆ ಅಪಸ್ವರದ ಹುಳಿ ಸ್ವಲ್ಪ ಉಳಿದೇ ಇತ್ತು. ಅಪ್ಪನಿಗೆ ಅದು ಕೇಳಿಸದೆ ಇರಲಿಲ್ಲ. ಆದರೂ ತನ್ನ ಬುರುಡೆಯನ್ನು ತೊಡೆಗೆ ಆನಿಸಿ ಹಾಡು ಎತ್ತಿದ. ಚಿಕ್ಕಪ್ಪ ಕಣ್ಣು ಮುಚ್ಚಿ ಒಂದು ಸುತ್ತು ಕಾದು, ಉತ್ತರಕ್ಕೆ ಇಳಿದ. ಹೆಂಗಸರ ಚಪ್ಪಾಳೆ ನಿಧಾನವಾಗಿ ಸೇರಿಕೊಂಡಿತು. ಅತ್ತೆ ಬೆಟ್ಟದ ಕಡೆ ಒಮ್ಮೆ ನೋಡಿ, ಹೆಂಡದ ದೊಡ್ಡ ಮಡಕೆಯ ಮುಚ್ಚಳ ತೆಗೆದಳು.