ಹೆಜ್ಜೆ ಅಳಿಸುವ ಗೋಣಿ

ಬೆಳಿಗ್ಗೆ ಹತ್ತು ಇಪ್ಪತ್ತಕ್ಕೆ ಬೆಟ್ಟ ಕಾಣದಾಯಿತು. ಗಡಿಯಾರ ನೋಡಿದ್ದು ನೆನಪಿದೆ, ಏಕೆಂದರೆ ಹನ್ನೊಂದಕ್ಕೆ ಗಾಡಿಗೆ ಮರಳಿ ಚಹಾ ಕುಡಿಯುವುದೆಂದು ಮಾತಾಗಿತ್ತು.

ತೊಂಬತ್ತರ ದಶಕದ ಆರಂಭ. ಗಲ್ಫಿನ ಇಬ್ರಾ ಪಟ್ಟಣದಿಂದ ಆಚೆ, ರಸ್ತೆ ಮುಗಿದ ಮೇಲೆ ಸಿಗುವ ಬಯಲಿನಲ್ಲಿ ಯುರೋಪಿನ ಕಲಾವಿದನೊಬ್ಬ ಕಪ್ಪು ಕಲ್ಲುಗಳ ದೊಡ್ಡ ವೃತ್ತವೊಂದನ್ನು ಮಾಡಿಸುತ್ತಿದ್ದ. ನೆಲದ ಮೇಲೆ ನಿಂತರೆ ಅದು ನೇರ ಸಾಲಿನಂತೆಯೇ ಕಾಣುತ್ತಿತ್ತು. ವೃತ್ತ ನೋಡಲು ಬೆಟ್ಟ ಹತ್ತಬೇಕು. ಅಳತೆಯ ಕೆಲಸ ನಮ್ಮ ಕಂಪನಿಯದು. ನಾನು ಸರ್ವೇಯರ್. ಜೊತೆಗಿದ್ದವರು ಉಡುಪಿ ಕಡೆಯ ಹಿರಿಯ ಫೋರ್‌ಮನ್, ಅಲ್ ಮವಾಲೇಹ್‌ನಲ್ಲಿ ನನ್ನ ರೂಮಿನವರು. ಫೋಟೋದಲ್ಲಿ ಹೆಜ್ಜೆಯಾಗಲಿ ಚಕ್ರದ ಗುರುತಾಗಲಿ ಇರಕೂಡದೆಂದು ಕಲಾವಿದನ ಕಟ್ಟಪ್ಪಣೆ. ಅದಕ್ಕೆ ಪಿಕಪ್ಪನ್ನು ದೂರದ ದಿಬ್ಬದ ಹಿಂದೆ ನಿಲ್ಲಿಸಿ, ಸೊಂಟಕ್ಕೆ ಹಗ್ಗ ಕಟ್ಟಿ, ಅರ್ಧ ಮರಳು ತುಂಬಿದ ಗೋಣಿಯನ್ನು ಹಿಂದೆ ಎಳೆಯುತ್ತ ನಡೆಯುತ್ತಿದ್ದೆವು. ನಡೆದ ಹಾಗೆ ಹೆಜ್ಜೆ ಅಳಿಯುತ್ತಿತ್ತು. ನೀರು ಪಿಕಪ್ಪಿನಲ್ಲಿತ್ತು.

ಧೂಳು ಕವಿದಾಗ ಕಲ್ಲಿನ ಸಾಲೊಂದೇ ಉಳಿಯಿತು. ಅದನ್ನು ಹಿಡಿದು ಪೂರ್ತಿ ಸುತ್ತು ಬಂದೆವು. ಎಲ್ಲ ಕಡೆಯೂ ಒಂದೇ. ಬಂದ ದಾರಿಯನ್ನು ನಾವೇ ಅಳಿಸಿದ್ದೆವು. ಮಧ್ಯಾಹ್ನದ ಹೊತ್ತಿಗೆ ಫೋರ್‌ಮನ್ನರ ಬೆವರು ನಿಂತಿತು. ಅದು ಒಳ್ಳೆಯ ಲಕ್ಷಣವಲ್ಲವೆಂದು ನನಗೆ ಗೊತ್ತಿತ್ತು. ಹೆದರಿಕೆಯಾಗಲಿಲ್ಲ. ಏನೂ ಅನಿಸಲಿಲ್ಲ.

ಅವರು ಕೂತಲ್ಲಿಂದಲೇ ಕಲ್ಲೊಂದನ್ನು ಸಾಲಿನಿಂದ ಹೊರಗೆ ದೂಡಿದರು.

"ಗೋಣಿಯ ಮರಳು ಸುರಿ. ಈ ಕಲ್ಲು ತುಂಬಿಸಿ, ಹೊರಗೆ ಇಡ್ತಾ ಹೋಗು. ಗಾಡಿ ಸಿಗದಿದ್ರೆ ಅದನ್ನೇ ಹಿಡ್ಕೊಂಡು ವಾಪಸ್ ಬಾ."

ವಾರಗಟ್ಟಲೆ ಅಳೆದು ಇಟ್ಟ ಕಲ್ಲುಗಳು ಎಂದೆ.

"ನಮ್ಮ ಹೆಣ ಬಿದ್ದಿದ್ರೆ ಅವನ ಫೋಟೋ ಚಂದ ಬರ್ತದಾ ಮಾರಾಯ?"

ಕಣ್ಣಿಗೆ ಎಟಕುವಷ್ಟು ದೂರಕ್ಕೊಂದು ಕಲ್ಲು ಇಡುತ್ತ ಹೋದೆ. ಮೊದಲ ಸಾಲಿನ ಕೊನೆಯಲ್ಲಿ ಏನೂ ಇರಲಿಲ್ಲ. ಹಿಂತಿರುಗಿ, ಬೇರೆ ಕಡೆಯಿಂದ ಇನ್ನೊಂದು. ಅಲ್ಲೂ ಇಲ್ಲ. ವಾಪಸ್ ಬಂದು "ಅಣ್ಣಾ" ಎಂದು ಕೂಗಿದರೆ ಅವರ ಬೆರಳು ಮಾತ್ರ ಅಲುಗಿತು. ಮತ್ತೊಂದು ಸಾಲು ದಿಬ್ಬದ ಬುಡಕ್ಕೆ ತಾಗಿತು. ಅದೇ ಕಲ್ಲುಗಳ ಪಕ್ಕದಲ್ಲಿ ಪಿಕಪ್ ಓಡಿಸಿಕೊಂಡು ಅವರ ಬಳಿ ಬಂದೆ. ತುಟಿಗೆ ಹನಿಸಿದ ನೀರು ಗಲ್ಲದ ಮೇಲೆ ಇಳಿದುಹೋಯಿತು.

ಇಬ್ರಾದ ಆಸ್ಪತ್ರೆಯಲ್ಲಿ ಅವರು ಬದುಕಿದರು. ರೂಮಿಗೆ ಬಂದ ಮೇಲೂ ನಾನು ರಾತ್ರಿ ಎದ್ದು, ದೀಪ ಹಾಕಿ, ಎದುರು ಮಂಚದಲ್ಲಿ ಅವರ ಎದೆ ಏರಿಳಿಯುವುದನ್ನು ನೋಡುತ್ತಿದ್ದೆ. ಅವರಿಗೆ ಎಚ್ಚರವಾಗುತ್ತಿತ್ತೇನೋ. ಒಮ್ಮೆಯೂ ಬೈಯಲಿಲ್ಲ.

ಕಲ್ಲುಗಳನ್ನು ಮೊದಲಿನಂತೆ ಜೋಡಿಸಿಕೊಡಬೇಕೆಂದು ಕಲಾವಿದ ಕೇಳಿದ. ಅವರು ಸುಧಾರಿಸಿಕೊಂಡ ಮೇಲೆ ಇಬ್ಬರೂ ಹೋಗಿ ಜೋಡಿಸಿದೆವು. ಕೊನೆಯ ಕಲ್ಲು ಇಟ್ಟು, ಅಭ್ಯಾಸಬಲದಿಂದ ನಾನು ಹಗ್ಗ ಸೊಂಟಕ್ಕೆ ಕಟ್ಟಿದೆ. ಅವರು ಬಂದು ಗಂಟು ಬಿಚ್ಚಿದರು.

"ಖಲಾಸ್. ಬೇಕಾದ್ರೆ ಅವನೇ ಎಳ್ಕೊಳ್ಳಲಿ."

ಗೋಣಿ ಅಲ್ಲೇ ಬಿಟ್ಟು ಪಿಕಪ್ಪಿಗೆ ನಡೆದೆವು. ತಿರುಗಿ ನೋಡಿದೆ. ವೃತ್ತದವರೆಗೂ ನಮ್ಮಿಬ್ಬರ ಹೆಜ್ಜೆಗಳಿದ್ದವು.

ಆ ರಾತ್ರಿ ದೀಪ ಹಾಕಲಿಲ್ಲ. ಎಚ್ಚರವಾದಾಗ ಬಿಸಿಲು ಬಂದಿತ್ತು. ಎದುರು ಮಂಚದವರು ಆಗಲೇ ಚಹಾ ಕಾಯಿಸುತ್ತಿದ್ದರು.